ನಾಲ್ಕನೆಯ ಪಾಸು

ಪಾಸು ಬಂದಿದ್ದು ನಾಲ್ಕು; ಮನೆಯಲ್ಲಿದ್ದವರು ಐದು ಜನ.

ಲಿಫ್ಟ್ ರಿಪೇರಿ ಕಂಪನಿಯಲ್ಲಿ ಪ್ರತಿವರ್ಷ ದೊಡ್ಡ ರಜೆಗೆ ಮುಂಚೆ ಈ ಪಾಸುಗಳಿಗೆ ಚೀಟಿ ಎತ್ತುತ್ತಿದ್ದರು. ಹದಿಮೂರು ವರ್ಷ ಡಬ್ಬಿಯ ತಳ ಹಿಡಿದು ಕೂತಿದ್ದ ಮೆಕ್ಯಾನಿಕ್‌ನ ಹೆಸರು ಈ ಸಲ ಮೇಲೆ ಬಂದಿತ್ತು. ಅವನು ಕೈಯ ಗ್ರೀಸು ತೊಳೆಯುವ ಮೊದಲೇ ಎರಡು ಬೆರಳ ತುದಿಯಲ್ಲಿ ಹಿಡಿದು ತಂದು ಅವನ್ನು ಊಟದ ಮೇಜಿನ ಮೇಲಿಟ್ಟ. ಉದ್ದನೆಯ ಹಳದಿ ಪಟ್ಟಿಗಳು. ಒಂದೊಂದರಲ್ಲೂ ಚುಕ್ಕೆಸಾಲಿನಲ್ಲಿ ಬೇರೆಯಾದ ನಾಲ್ಕು ತುಂಡು: ಮೀನಿನ ಮನೆ, ಹಿಮದ ಮನೆ, ಹಳೆಯ ರೈಲುಗಳ ಶೆಡ್ಡು, ಗೋಪುರ. ಬಾಗಿಲಲ್ಲಿ ಒಂದು ತುಂಡು ಹರಿದುಕೊಂಡು ಒಬ್ಬರನ್ನು ಒಳಗೆ ಬಿಡುತ್ತಾರೆ. ತಿಂಗಳ ಕೊನೆಯವರೆಗೆ ಯಾವ ದಿನವಾದರೂ ಸರಿ.

“ನಾಲ್ಕು ಜನ ಅಂದ್ರೆ ಯಾರ್ಯಾರು?” ಎಂದು ಮಗಳು ಕೇಳಿದಳು. ಒಂಬತ್ತು ವರ್ಷದ ಅವಳು ಯಾವುದನ್ನೂ ಎರಡು ಸಲ ಕೇಳದೆ ಬಿಡುತ್ತಿರಲಿಲ್ಲವಾದ್ದರಿಂದ ಮನೆಯಲ್ಲಿ ಅವಳಿಗೆ ವಕೀಲೆ ಎಂದೇ ಹೆಸರು.

“ನಾನು ಬಿಡ್ತೀನಪ್ಪ,” ಎಂದ ಮೆಕ್ಯಾನಿಕ್‌ನ ತಮ್ಮ. ಅವನು ಸಲೂನಿನಲ್ಲಿ ಕೂದಲು ಕತ್ತರಿಸುವವನು. “ಮೀನು ನೋಡಿ ನನಗೇನಾಗ್ಬೇಕು? ಅವಕ್ಕೆ ಕೂದ್ಲೇ ಇರಲ್ಲ.”

“ಬಿಡೋನು ಪಾಸಿನ ಮೇಲೆ ಯಾಕೆ ಕೈ ಇಟ್ಕೊಂಡಿದೀಯ?” ಎಂದರು ತಾಯಿ. ತಮ್ಮ ಕೈ ತೆಗೆದ.

“ಅತ್ತೆ, ನೀವು ಹೋಗಿ ಬನ್ನಿ,” ಸೊಸೆ ಒಲೆಯ ಕಡೆಯಿಂದ ಹೇಳಿದಳು. “ನಂಗೆ ಒಗೆಯೋದು ರಾಶಿ ಬಿದ್ದಿದೆ.”

“ಒಗೆಯೋ ಬಟ್ಟೆ ಎಲ್ಲೂ ಓಡಿಹೋಗಲ್ಲ. ನನ್ನ ಮಂಡಿ ಅಷ್ಟು ದೂರ ನಡೆಯಲ್ಲ. ಹನ್ನೊಂದು ವರ್ಷದಿಂದ ಈ ಮನೇಲಿ ಏನು ಕೇಳಿದೀಯಮ್ಮ ನೀನು? ಒಂದೇ ಒಂದು ಕೇಳಿದೀಯ. ಅದನ್ನ ನೋಡ್ಕೊಂಡು ಬಾ.”

ಆ ಒಂದು ಎಂದರೆ ಗೋಪುರದ ಲಿಫ್ಟು. ಮದುವೆಯಾದ ಹೊಸತರಲ್ಲಿ ಮೆಕ್ಯಾನಿಕ್ ಹೇಳಿದ್ದ: ಮೂವತ್ತೆರಡು ಅಂತಸ್ತು, ಹೊರಗೋಡೆಗೆ ಅಂಟಿಕೊಂಡು ಏರುವ ಗಾಜಿನ ಪೆಟ್ಟಿಗೆ, ಅದಕ್ಕೆ ಎಣ್ಣೆ ಹಾಕುವವನು ನಾನೇ, ಒಂದು ದಿನ ಕರೆದುಕೊಂಡು ಹೋಗುತ್ತೇನೆ. ಅವಳು ಅಂಗಿ ಕಾರ್ಖಾನೆಯಲ್ಲಿ ಗುಂಡಿ ಹೊಲಿಯುವವಳು. ಕಾರ್ಖಾನೆಯೂ ನೆಲಮಟ್ಟದಲ್ಲಿ, ಮನೆಯೂ ನೆಲಮಟ್ಟದಲ್ಲಿ. ಮಗಳನ್ನು ಹೆತ್ತ ಆಸ್ಪತ್ರೆಯ ಎರಡನೆಯ ಮಹಡಿಗಿಂತ ಎತ್ತರಕ್ಕೆ ಅವಳು ಹೋದದ್ದೇ ಇಲ್ಲ. ಗೋಪುರದ ತುದಿಗೆ ಹೊರಗಿನವರನ್ನು ಬಿಡುವುದು ರಜೆಯ ಒಂದು ತಿಂಗಳು ಮಾತ್ರ. ಪ್ರತಿವರ್ಷ ಆ ತಿಂಗಳಲ್ಲಿ ಅವಳು “ರೀ, ನಿಮ್ಮ ಲಿಫ್ಟು” ಎನ್ನುವುದು, ಅವನು “ಹ್ಞೂಂ, ಹೋಗೋಣ” ಎನ್ನುವುದು ನಡೆದುಕೊಂಡು ಬಂದಿತ್ತು. ಮುಂದಿನ ವರ್ಷದಿಂದ ಅದೂ ಇಲ್ಲ. ತುದಿಯ ಅಂತಸ್ತನ್ನು ಯಾವುದೋ ಆಫೀಸಿನವರು ಬಾಡಿಗೆಗೆ ಹಿಡಿದಿದ್ದರು.

“ಆದ್ರೆ ಒಂದು ಮಾತು,” ಎಂದರು ಅತ್ತೆ. “ಬಂದ್ಮೇಲೆ ಮೊದಲಿಂದ ಕೊನೆವರೆಗೂ ನೀನೇ ನಂಗೆ ಹೇಳ್ಬೇಕು. ಇವರನ್ನ ಕೇಳಿದ್ರೆ ಒಬ್ಬ ‘ಚೆನ್ನಾಗಿತ್ತು’ ಅಂತಾನೆ, ಇನ್ನೊಬ್ಬ ‘ಪರವಾಗಿಲ್ಲ’ ಅಂತಾನೆ. ಅಲ್ಲಿಗೆ ಮುಗೀತು.”

ಕೇಳುವುದರಲ್ಲಿ ಅತ್ತೆಗೆ ಅಂಥ ರುಚಿ. ಯಾರಾದರೂ ಹೇಳಲು ಕೂತರೆ ಅವರು ಕಣ್ಣು ಮುಚ್ಚಿ, ಅಂಗೈ ಮೇಲೆ ಅಂಗೈ ಇಟ್ಟುಕೊಂಡು, ಪದ್ಯ ಓದುವವರ ಎದುರು ಕೂತಂತೆ ಕೂರುತ್ತಿದ್ದರು. ನಡುವೆ ಒಂದು ಸಾಲು ಹಾರಿಸಿದರೆ ಕಣ್ಣು ಬಿಡುತ್ತಿದ್ದರು.

ತಿಂಗಳ ಮೊದಲ ಭಾನುವಾರ ಹೊರಡುವುದೆಂದಾಯಿತು. ಅಂದು ಬೆಳಗಿನ ಜಾವಕ್ಕೇ ಎದ್ದು ಅತ್ತೆ ಅಡುಗೆಮನೆಯ ಬಾಗಿಲಿಗೆ ಅಡ್ಡ ಕುರ್ಚಿ ಎಳೆದುಕೊಂಡರು. “ಇವತ್ತೊಂದು ದಿನ ನೀನು ಒಲೆ ಮುಂದೆ ನಿಲ್ಲಬಾರದು, ಅಲ್ಲಿಯೂ ಊಟಕ್ಕೆ ಅಂತ ಹುಡುಕಾಡಬಾರದು,” ಎಂದು ಸೊಸೆಯನ್ನು ಸ್ನಾನಕ್ಕೆ ಅಟ್ಟಿದರು. ಅವಳು ತಲೆ ಬಾಚಿಕೊಂಡು ಬರುವಷ್ಟರಲ್ಲಿ ಐದು ಡಬ್ಬಿಯ ದೊಡ್ಡ ಸ್ಟೀಲ್ ಕ್ಯಾರಿಯರ್ ತುಂಬಿ ನಿಂತಿತ್ತು: ಅನ್ನ, ಎರಡು ಬಗೆಯ ಪಲ್ಯ, ಮೊಸರು, ಹೆಚ್ಚಿದ ಹಣ್ಣು. ಹಿಡಿಯ ಕೊಂಡಿ ಸಡಿಲವಾಗಿದ್ದಲ್ಲಿ ಅತ್ತೆ ಒಂದು ಅಗಲದ ಬಟ್ಟೆ ಸುತ್ತಿ ಕಟ್ಟಿದ್ದರು.

“ಅಮ್ಮ, ಇದನ್ನ ಎತ್ತೋಕೆ ಒಂದು ಕ್ರೇನ್ ಬೇಕು,” ಎಂದ ಮೆಕ್ಯಾನಿಕ್.

“ತಿನ್ನೋವಾಗ ಭಾರ ಅಂತೀಯೇನೋ ನೋಡ್ತೀನಿ.”

ಮೀನಿನ ಮನೆಯ ಬಾಗಿಲಲ್ಲಿ ಕಾವಲಿನವನು ಕ್ಯಾರಿಯರನ್ನು ಬೆರಳಿನಿಂದ ತಟ್ಟಿ ನೋಡಿದ. “ತಿನ್ನೋ ಪದಾರ್ಥ ಒಳಗಡೆ ಇಲ್ಲ.”

“ಲಗೇಜ್ ರೂಮಲ್ಲಿ ಇಡ್ತೀವಿ.”

“ಅಲ್ಲೂ ತಗೊಳಲ್ಲ ಸಾರ್. ಇಲಿ ಬರ್ತವೆ.”

ಹಿಂದೆ ಸಾಲು ಬೆಳೆಯುತ್ತಿತ್ತು. ಯಾರೋ “ಮುಂದೆ ಹೋಗಿ ಸ್ವಾಮಿ” ಎಂದರು. “ನಾನು ಇಲ್ಲೇ ಇರ್ತೀನಿ, ನೀವು ಹೋಗಿ ಬನ್ನಿ,” ಎಂದು ಸೊಸೆ ಕ್ಯಾರಿಯರ್ ಎತ್ತಿಕೊಂಡು ಸಾಲಿನಿಂದ ಪಕ್ಕಕ್ಕೆ ಸರಿದಳು. “ಮುಂದಿನದಕ್ಕೆ ನಾನು ನಿಲ್ತೀನಿ,” ಎಂದ ಗಂಡ. ನಾಲ್ಕೂ ಪಾಸು ಅವನ ಅಂಗಿಯ ಜೇಬಿನಲ್ಲಿದ್ದವು. ಮೂರನ್ನು ಹರಿಸಿಕೊಂಡು ಅವರು ಒಳಗೆ ಹೋದರು.

ಹಿಮದ ಮನೆಯ ಮುಂದೆ ಅವನು ಮಾತಿನಂತೆ ಕ್ಯಾರಿಯರ್ ಹಿಡಿದುಕೊಂಡ. ಆದರೆ ಒಳಗಿನಿಂದ ಬರುವ ಬಿಳಿ ಹೊಗೆ ನೋಡಿ ವಕೀಲೆಗೆ ಅಳು ಬಂತು. ಅಪ್ಪ ಬರದಿದ್ದರೆ ತಾನೂ ಬರುವುದಿಲ್ಲ ಎಂದು ಕೂತಳು. ಚಿಕ್ಕಪ್ಪ ಅಷ್ಟರಲ್ಲಿ ಅಲ್ಲಿ ಕೊಡುವ ದಪ್ಪ ಕೋಟು ತೊಟ್ಟು ಗುಂಡಿಯನ್ನೂ ಹಾಕಿಕೊಂಡಿದ್ದ. “ಅತ್ತಿಗೆ, ನಿಮಗೆ ಹೇಗೂ ನೆಗಡಿ,” ಎಂದ ಅವನು. ಕ್ಯಾರಿಯರ್ ಮತ್ತೆ ಕೈ ಬದಲಾಯಿಸಿತು.

ಒಂದೂವರೆಗೆ ಪಾರ್ಕಿನ ಹುಲ್ಲಿನ ಮೇಲೆ ಊಟ. ಮೂವರೂ ಮೀನಿನ ಬಗ್ಗೆ, ಹಿಮದ ಬಗ್ಗೆ ಒಟ್ಟಿಗೆ ಮಾತಾಡಿದರು; ಬಾಯಲ್ಲಿ ಅನ್ನ, ಕೈಯಲ್ಲಿ ಅಭಿನಯ. ಸೊಸೆ ಬಡಿಸುತ್ತ “ಹೌದಾ? ತಲೆ ಮೇಲೇ ಬಂತಾ?” ಎನ್ನುತ್ತಿದ್ದಳು. ಐದೂ ಡಬ್ಬಿ ತಳ ಕಂಡವು. ಅವಳು ನಲ್ಲಿಯಲ್ಲಿ ತೊಳೆದು ಮತ್ತೆ ಜೋಡಿಸಿದಳು.

ರೈಲಿನ ಶೆಡ್ಡು ಬಂದಾಗ ಅವಳು ತಾನಾಗಿಯೇ ಬೆಂಚು ಹುಡುಕಿಕೊಂಡಳು. ಅವರೂ ತಾವಾಗಿಯೇ ಒಳಗೆ ಹೋದರು.

ಗೋಪುರಕ್ಕೆ ಬಂದಾಗ ನಾಲ್ಕು ಗಂಟೆ. ಕೊನೆಯ ಸುತ್ತು ಎಂದು ಕೂಗುತ್ತಿದ್ದರು. ಕೆಲಸದ ಪರಿಚಯದ ಲಿಫ್ಟಿನವನನ್ನು ಕಂಡು ಮೆಕ್ಯಾನಿಕ್ ಕೈ ಎತ್ತಿದ, “ಬಾ ಬಾ, ನಮ್ಮ ಲಿಫ್ಟು ತೋರಿಸ್ತೀನಿ” ಎಂದು ಮಗಳನ್ನು ಎಳೆದುಕೊಂಡು ಓಡಿದ. ತಮ್ಮ ಹಿಂದೆಯೇ ಓಡಿದ. ಸೊಸೆ ಎದುರಿನ ಮೆಟ್ಟಿಲ ಮೇಲೆ ಕೂತು ಕ್ಯಾರಿಯರನ್ನು ಕೆಳಗಿಟ್ಟಳು. ಡಬ್ಬಿಗಳು ಒಂದಕ್ಕೊಂದು ತಾಗಿ ಟಣ್ ಎಂದವು. ಅವಳು ಅದನ್ನೊಮ್ಮೆ ನೋಡಿದಳು, ಬಾಗಿಲ ಕಡೆ ನೋಡಿದಳು. ಬಾಗಿಲು ಮುಚ್ಚಿಕೊಂಡು ಗಾಜಿನ ಪೆಟ್ಟಿಗೆ ಮೇಲೇರುತ್ತಿತ್ತು.

ವಾಪಸು ಬರುವ ಬಸ್ಸಿನಲ್ಲಿ ಮಗಳು ನಿದ್ದೆ ಹೋಗುವ ಮೊದಲು ಸೊಸೆ ಮೂವರಿಗೂ ಹೇಳಿದಳು: “ನಾನು ಹೊರಗೆ ಕೂತಿದ್ದೆ ಅಂತ ಅತ್ತೆ ಹತ್ತಿರ ಹೇಳ್ಬೇಡಿ. ಕ್ಯಾರಿಯರಿಂದ ಹೀಗಾಯ್ತು ಅಂತ ಗೊತ್ತಾದ್ರೆ ನೊಂದ್ಕೋತಾರೆ.”

ಗಂಡ ಕಿಟಕಿಯ ಕಡೆ ನೋಡುತ್ತ, “ಪಾಸು ಇನ್ನೂ ಇದೆ ಕಣೆ. ಮುಂದಿನ ಭಾನುವಾರ ನಾವಿಬ್ಬರೇ ಬರೋಣ,” ಎಂದ.

ಮನೆಯಲ್ಲಿ ಅತ್ತೆ ಕುರ್ಚಿಯನ್ನು ದೀಪದ ಹತ್ತಿರ ಎಳೆದುಕೊಂಡು ಕಾದಿದ್ದರು. “ಕೈಕಾಲು ತೊಳ್ಕೊಂಡು ಬಂದು ಹೇಳು.” ಸೊಸೆ ಹೇಳಿದಳು. ಗಾಜಿನ ಸುರಂಗ, ತಲೆಯ ಮೇಲೆ ಹಾದುಹೋಗುವ ಹಾಸಿಗೆಯಗಲದ ಮೀನು, ಉಸಿರು ಬಿಟ್ಟರೆ ಹೊಗೆಯಾಗುವ ಕೋಣೆ. ಪಾರ್ಕಿನಲ್ಲಿ ಕೇಳಿದ್ದನ್ನೆಲ್ಲ ಒಂದೂ ಬಿಡದೆ ಹೇಳಿದಳು. ಅತ್ತೆ ಕಣ್ಣು ಮುಚ್ಚಿ ಕೇಳಿದರು.

“ಮೇಲಿಂದ ನಮ್ಮ ಮನೆ ಕಡೆ ಕಾಣ್ತಿತ್ತಾ?”

“ಮಂಜು ಇತ್ತು ಅತ್ತೆ.”

“ಮಂಜಾ?” ಎಂದು ವಕೀಲೆ ಬಾಯಿ ತೆರೆದಳು. ಚಿಕ್ಕಪ್ಪ ಅವಳ ಜಡೆ ಎಳೆದ.

ಅತ್ತೆ ಕಣ್ಣು ಬಿಟ್ಟು ಮೂವರನ್ನೂ ನೋಡಿದರು.

ಇಪ್ಪತ್ತೆರಡು ವರ್ಷ ಅವರು ಆಸ್ಪತ್ರೆಯ ಲಾಂಡ್ರಿಯಲ್ಲಿದ್ದವರು. ಡಾಕ್ಟರರ ಕೋಟುಗಳಲ್ಲಿ ಪೆನ್ನು, ಬೀಗದ ಕೈ, ಒಮ್ಮೆ ಯಾರದೋ ಹಲ್ಲಿನ ಸೆಟ್ಟು ಕೂಡ ಸಿಕ್ಕಿತ್ತು. ಜೇಬು ತಿರುವಿ ಹಾಕದೆ ಅವರು ಯಾವ ಬಟ್ಟೆಯನ್ನೂ ನೀರಿಗೆ ಮುಟ್ಟಿಸುತ್ತಿರಲಿಲ್ಲ. ಸೋಮವಾರ ಮಗನ ಅಂಗಿಯ ಜೇಬಿನಲ್ಲಿ ಮೂರು ಮೋಟು ಚೂರುಗಳ ಜೊತೆ ಒಂದು ಉದ್ದನೆಯ ಹಳದಿ ಪಟ್ಟಿ ಸಿಕ್ಕಿತು. ನಾಲ್ಕೂ ತುಂಡು ಹಾಗೆಯೇ ಇದ್ದವು. ಅವರು ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡು ಅದನ್ನು ಬಿಸಿಲಿಗೆ ಹಿಡಿದು ನೋಡಿದರು. ಆಮೇಲೆ ಬಟ್ಟೆ ಕ್ಲಿಪ್ಪಿನ ಡಬ್ಬಿಯ ತಳದಲ್ಲಿಟ್ಟು ಮುಚ್ಚಳ ಹಾಕಿದರು. ಮಗನಿಗೆ ಬೇಕಾದರೆ ತಾನಾಗಿ ಬಂದು ಕೇಳಲಿ. ಕೇಳಿದ ದಿನವೇ ಕೊಟ್ಟು ಇಬ್ಬರನ್ನೂ ಹೊರಡಿಸುವುದು.

ಶನಿವಾರ ಮೆಕ್ಯಾನಿಕ್ ಹೆಂಡತಿಯನ್ನು ಅಡುಗೆಮನೆಯ ಮೂಲೆಗೆ ಕರೆದು ಪಿಸುಗುಟ್ಟಿದ. “ಆ ನೀಲಿ ಅಂಗಿ ಎಲ್ಲಿ? ಪಾಸು ಅದರಲ್ಲಿತ್ತು.”

“ಸೋಮವಾರವೇ ಒಗೆದಾಯ್ತಲ್ರೀ. ಅತ್ತೆ ಒಗೆದ್ರು.”

“ಜೇಬು ನೋಡಿರ್ತಾಳೆ ಬಿಡು, ಕೇಳ್ತೀನಿ.”

“ಏನಂತ ಕೇಳ್ತೀರಿ? ಹರಿಯದೆ ಇದ್ದ ಪಾಸು ಯಾರದು ಅಂತಾರಲ್ಲ.”

ಅವನು ಹಿತ್ತಲಿಗೆ ಹೋದ. ತಾಯಿ ಹಗ್ಗದ ಮೇಲಿನ ಬಟ್ಟೆ ತೆಗೆಯುತ್ತಿದ್ದರು. ಕ್ಲಿಪ್ಪಿನ ಡಬ್ಬಿ ಕಾಲ ಬಳಿ ಇತ್ತು.

“ಅಮ್ಮ, ನನ್ನ ನೀಲಿ ಅಂಗಿ ಜೇಬಲ್ಲಿ ಏನಾದ್ರೂ ಇತ್ತಾ?”

“ಏನಿರಬೇಕಿತ್ತು?”

ಅವನು ತಲೆ ಕೆರೆದುಕೊಂಡ. “ಏನಿಲ್ಲ. ಒಂದು ಸ್ಕ್ರೂ.”

“ಸ್ಕ್ರೂ ಇರಲಿಲ್ಲಪ್ಪ,” ಎಂದರು ತಾಯಿ. ಅವನು ಇನ್ನೂ ಏನಾದರೂ ಹೇಳುತ್ತಾನೇನೋ ಎಂದು ಒಂದು ದುಪ್ಪಟಿಯನ್ನು ಎರಡು ಸಲ ಮಡಿಸಿದರು. ಅವನು ಒಳಗೆ ಹೋಗಿ ಹೆಂಡತಿಗೆ, “ನೀರಲ್ಲಿ ಕರಗಿಹೋಗಿದೆ,” ಎಂದ.

“ಹೋಗ್ಲಿ ಬಿಡಿ.”

ಮೂರನೆಯ ಭಾನುವಾರ ಬೆಳಗ್ಗೆ ಗೋಪುರದಿಂದಲೇ ಫೋನು ಬಂತು. ಮೇಲೆ ಹೋಗುವಾಗ ಲಿಫ್ಟು ಎಲ್ಲೋ ತಡೆಯುತ್ತದೆ ಎಂದು ಜನ ದೂರುತ್ತಿದ್ದರು. ಅವನು ಉಪಕರಣದ ಚೀಲ ಹೆಗಲಿಗೆ ಹಾಕಿಕೊಂಡ.

“ಗೋಪುರಕ್ಕಾ? ಅವಳನ್ನೂ ಕರ್ಕೊಂಡು ಹೋಗು,” ಎಂದರು ತಾಯಿ.

“ಕೆಲಸದ ಮೇಲೆ ಹೋಗೋನು ಹೆಂಡತಿನ ಹಿಂದೆ ಹಾಕ್ಕೊಂಡು ಹೋಗೋಕಾಗುತ್ತೇನಮ್ಮ? ಪಾಸಿಲ್ಲದೆ ಯಾರನ್ನೂ ಬಿಡಲ್ಲ ಅಲ್ಲಿ.”

“ಪಾಸಿಲ್ಲದೆ,” ಎಂದು ತಾಯಿ ಮೆಲ್ಲಗೆ ಹೇಳಿ ಅವನ ಮುಖ ನೋಡಿದರು. ಅವನು ಬೂಟಿನ ದಾರ ಕಟ್ಟುತ್ತಿದ್ದ. ಹೆಂಡತಿ ಅವನ ಬಾಟಲಿಗೆ ನೀರು ತುಂಬುತ್ತಿದ್ದಳು.

ಸಂಜೆ ಅವನು ಸಿಡಿಮಿಡಿಗೊಂಡು ಬಂದ. “ಹತ್ತು ಸಲ ಹತ್ತಿ ಇಳಿದೆ. ಒಳಗೆ ನಿಂತವನಿಗೆ ಏನೂ ಗೊತ್ತಾಗಲ್ಲ. ಹಗ್ಗ ಸರಿ ಇದೆ, ಮೋಟಾರು ಸರಿ ಇದೆ. ಜನಕ್ಕೆ ಸುಮ್ನೆ ಭ್ರಮೆ.” ತಟ್ಟೆಯಲ್ಲಿ ಉಪ್ಪು ಸಾಲದು ಎಂದು ಹೆಂಡತಿಯ ಮೇಲೂ ರೇಗಿದ.

ನಾಲ್ಕನೆಯ ಭಾನುವಾರ ತಮ್ಮ ಜ್ವರ ಬಂದು ಮಲಗಿದ. ಅವನ ಔಷಧಿ, ಗಂಜಿಯಲ್ಲೇ ದಿನ ಮುಗಿಯಿತು. ಅದಾದ ನಾಲ್ಕನೆಯ ದಿನಕ್ಕೆ ತಿಂಗಳೂ ಮುಗಿಯಿತು.

ಹೊಸ ತಿಂಗಳ ಮೊದಲ ದಿನ ರಾತ್ರಿಯೂಟಕ್ಕೆ ಎಲ್ಲರೂ ಕೂತಾಗ ಅತ್ತೆ ಕ್ಲಿಪ್ಪಿನ ಡಬ್ಬಿಯನ್ನು ಮೇಜಿನ ಮೇಲೆ ತಂದಿಟ್ಟರು. ಮುಚ್ಚಳ ತೆಗೆದು ಹಳದಿ ಪಟ್ಟಿಯನ್ನು ಅನ್ನದ ಪಾತ್ರೆಗೆ ಒರಗಿಸಿದರು.

“ಸ್ಕ್ರೂ ಸಿಗಲಿಲ್ಲ. ಇದು ಸಿಕ್ತು. ಯಾರದು?”

ಮೆಕ್ಯಾನಿಕ್ ತುತ್ತು ಕೆಳಗಿಟ್ಟ. “ಇದು ನಿನ್ನ ಹತ್ತಿರ ಇತ್ತಾ? ಒಂದು ಮಾತು ಹೇಳಬಾರದಿತ್ತೇನಮ್ಮ?”

“ನೀನು ಒಂದು ಮಾತು ಕೇಳಬಾರದಿತ್ತೇನೋ? ನಾಲ್ಕು ವಾರ ಕಾದೆ. ನನ್ನ ಮಗ ನೆನಪಿಟ್ಕೊಂಡು ಬಂದು ಕೇಳ್ತಾನೆ ಅಂತ ಕಾದೆ. ನನ್ನ ಜಾಗ ಬಿಟ್ಟುಕೊಟ್ಟೆನಲ್ಲ, ಅಷ್ಟು ದೂರ ಕರ್ಕೊಂಡು ಹೋಗಿ ಅವಳನ್ನ ಎಲ್ಲಿ ನಿಲ್ಲಿಸಿದ್ರಿ?”

“ಅತ್ತೆ, ಬಿಡಿ,” ಎಂದಳು ಸೊಸೆ.

“ತಿಂಡಿ ಒಳಗೆ ಬಿಡ್ತಿರಲಿಲ್ಲ,” ಎಂದ ಮೈದುನ ತಟ್ಟೆ ನೋಡುತ್ತ. “ಯಾರಾದ್ರೂ ಒಬ್ಬರು ಕ್ಯಾರಿಯರ್ ಹತ್ತಿರ ಇರಬೇಕಾಯ್ತು. ಅತ್ತಿಗೆ ಹಾಯಾಗಿ ಕೂತಿದಾರೆ ಅಂದ್ಕೊಂಡೆ.”

ಅತ್ತೆಯ ಕೈ ಮೇಜಿನಂಚಿಗೆ ಬಂತು. “ಹಾಗಾದ್ರೆ ನನ್ನ ಕ್ಯಾರಿಯರು.”

“ಅದಕ್ಕೇ ಅಮ್ಮ, ನಿನಗೆ ಬೇಜಾರಾಗುತ್ತೆ ಅಂತ…” ಎಂದ ಮೆಕ್ಯಾನಿಕ್.

“ಅಜ್ಜಿ, ನಿಮ್ಮ ಕ್ಯಾರಿಯರ್ ಅಲ್ಲ,” ಎಂದಳು ವಕೀಲೆ. ಅವಳು ಒಂದು ತಿಂಗಳಿಂದ ಬಾಯಿ ಮುಚ್ಚಿಕೊಂಡಿದ್ದಳು. “ಅಪ್ಪಾ, ನಾವು ಊಟ ಮಾಡಿದ್ದು ಎಷ್ಟು ಗಂಟೆಗೆ?”

“ಒಂದೂವರೆ.”

“ಗೋಪುರಕ್ಕೆ ಹೋಗಿದ್ದು?”

“ನಾಲ್ಕಕ್ಕೆ.” ಹೇಳಿದ ಮೇಲೆ ಅವನಿಗೆ ತಾನೇನು ಹೇಳಿದೆ ಎಂಬುದು ಕೇಳಿಸಿತು.

“ಮತ್ತೆ ಆಗ ಕ್ಯಾರಿಯರ್ ಖಾಲಿ ಇತ್ತಲ್ಲ? ಖಾಲಿ ಡಬ್ಬಿ ಒಳಗೆ ತರಬೇಡಿ ಅಂತ ಯಾರು ಹೇಳಿದ್ರು?”

ಯಾರೂ ಹೇಳಿರಲಿಲ್ಲ. ಮೈದುನ ಎದ್ದು ಕೈ ತೊಳೆಯಲು ಹೋದವನು ನಲ್ಲಿ ಬಿಟ್ಟುಕೊಂಡು ಸುಮ್ಮನೆ ನಿಂತ.

“ನನಗೆ ಹೊಳೀಲೇ ಇಲ್ಲ,” ಎಂದ ಮೆಕ್ಯಾನಿಕ್. ಹೆಂಡತಿಯ ಕಡೆ ತಿರುಗಿ, “ನಿನಗೂ ಹೊಳೀಲಿಲ್ವಲ್ಲ,” ಎಂದ.

“ನಂಗೆ ಹೊಳೀತು,” ಎಂದಳು ಅವಳು. ದನಿ ಏರಲಿಲ್ಲ. “ಕೆಳಗಿಟ್ಟಾಗ ಸದ್ದಾಯ್ತಲ್ಲ, ಆಗ. ಆದ್ರೆ ನೀವು ಆಗಲೇ ಒಳಗೆ ಹೋಗಿದ್ರಿ. ಪಾಸು ನಿಮ್ಮ ಜೇಬಲ್ಲಿತ್ತು.” ಪಲ್ಯದ ಪಾತ್ರೆ ಎತ್ತಿ, “ಯಾರಿಗೆ ಬೇಕು?” ಎಂದಳು.

ಯಾರಿಗೂ ಬೇಕಿರಲಿಲ್ಲ.

ಮರುದಿನ ಮೆಕ್ಯಾನಿಕ್ ಕೆಲಸದ ನಡುವೆ ಗೋಪುರಕ್ಕೆ ಹೋಗಿ ಕೇಳಿದ. ತುದಿಯ ಅಂತಸ್ತಿನಲ್ಲಿ ಆಗಲೇ ಹಲಗೆ ಗೋಡೆಗಳು ಏಳುತ್ತಿದ್ದವು, ಕಿಟಕಿಗಳಿಗೆ ಕಾಗದ ಹಚ್ಚಿದ್ದರು. ಪರಿಚಯದವನು, “ಎರಡು ದಿನ ಮೊದಲು ಹೇಳಿದ್ರೆ ಪಾಸೂ ಬೇಡವಾಗಿತ್ತು ಮಾರಾಯ, ನಾನೇ ಕರ್ಕೊಂಡು ಹೋಗ್ತಿದ್ದೆ,” ಎಂದ. ಈ ಮಾತನ್ನು ಅವನು ಮನೆಯಲ್ಲಿ ಹೇಳಲಿಲ್ಲ.

ಹೆಂಡತಿ ಮಾತು ಬಿಡಲಿಲ್ಲ, ಮುನಿಸಿಕೊಳ್ಳಲಿಲ್ಲ. ಬೆಳಗ್ಗೆ ಐದಕ್ಕೆ ಏಳುವುದು, ಡಬ್ಬಿ ಕಟ್ಟುವುದು, ಕಾರ್ಖಾನೆಗೆ ಹೋಗುವುದು ಮೊದಲಿನಂತೆಯೇ ನಡೆಯಿತು. ಅವನು ಎರಡು ದಿನ ತಾನೇ ನೀರು ತುಂಬಿದ, ಒಂದು ದಿನ ಪಾತ್ರೆ ತೊಳೆದ. “ಸೋಪು ಹಾಗೇ ಇದೆ, ಇನ್ನೊಂದು ಸಲ ತೊಳೀಬೇಕು,” ಎಂದು ಅವಳು ಅಷ್ಟನ್ನೂ ಮತ್ತೆ ತೊಳೆದಳು.

ಭಾನುವಾರ ಮಧ್ಯಾಹ್ನ ಅತ್ತೆ ಸೊಸೆ ಹಿತ್ತಲಿನಲ್ಲಿ ದುಪ್ಪಟಿ ಮಡಿಸುತ್ತಿದ್ದರು. ಲಾಂಡ್ರಿಯಲ್ಲಿ ಕಲಿತಂತೆ ಅತ್ತೆ ಎರಡು ಮೂಲೆ ಹಿಡಿದು ಒಮ್ಮೆ ಕೊಡವುತ್ತಿದ್ದರು. ಸೊಸೆ ತನ್ನ ಎರಡು ಮೂಲೆಗಳೊಂದಿಗೆ ನಡೆದುಬಂದು ಅವರ ಕೈಗೆ ಕೊಡುತ್ತಿದ್ದಳು. ಮೆಕ್ಯಾನಿಕ್ ಹೊಸ್ತಿಲ ಮೇಲೆ ಕೂತು ಕ್ಯಾರಿಯರಿನ ಸಡಿಲ ಕೊಂಡಿಗೆ ಹೊಸ ಸ್ಕ್ರೂ ಹಾಕುತ್ತಿದ್ದ.

“ಅವತ್ತು ಮೀನಿನ ಮನೆ ಅಷ್ಟು ಚೆನ್ನಾಗಿ ಹೇಳಿದೆ,” ಎಂದರು ಅತ್ತೆ. “ನಾನು ಕಣ್ಣು ಮುಚ್ಚಿ ಕೇಳಿದೆ. ಅದು ಇವರು ನೋಡಿದ್ದು. ನೀನು ನೋಡಿದ್ದು ನನಗಿನ್ನೂ ಹೇಳೇ ಇಲ್ಲ.”

“ನಾನೇನು ನೋಡಿದೆ ಅತ್ತೆ.”

“ಕೂತಿದ್ದೆಯಲ್ಲ, ಆ ಗೋಪುರದ ಮುಂದೆ. ಮೆಟ್ಟಿಲು ಕಲ್ಲಿಂದೋ ಸಿಮೆಂಟಿಂದೋ?”

ಸೊಸೆ ದುಪ್ಪಟಿಯ ಅಂಚನ್ನು ಸರಿಮಾಡಿದಳು. “ಕಲ್ಲಿಂದು. ಬಿಸಿಲಿಗೆ ಕಾದಿತ್ತು, ಕ್ಯಾರಿಯರಿಗೆ ಸುತ್ತಿದ್ರಲ್ಲ ಬಟ್ಟೆ, ಅದನ್ನ ಬಿಚ್ಚಿ ಹಾಸ್ಕೊಂಡೆ.”

“ಆಮೇಲೆ?”

“ಪಕ್ಕದಲ್ಲಿ ಒಬ್ಬ ಅಜ್ಜ ಬೂಟು ರಿಪೇರಿ ಮಾಡ್ತಾ ಕೂತಿದ್ರು. ಮೊಳೆ ಎಲ್ಲ ಬಾಯಲ್ಲೇ. ಗಿರಾಕಿ ಏನು ಕೇಳಿದ್ರೂ ಹ್ಞೂಂ ಅಂತಿದ್ರು, ಪಾಪ, ಬಾಯಿ ತೆರೆದ್ರೆ ಮೊಳೆ ಬೀಳುತ್ತಲ್ಲ. ಆಮೇಲೆ ಲಿಫ್ಟು. ಅದು ಹೊರಗಡೆನೇ ಹೋಗೋದಲ್ವಾ, ಪೂರ್ತಿ ಕಾಣುತ್ತೆ. ನೀರಲ್ಲಿ ಗುಳ್ಳೆ ಏಳುತ್ತಲ್ಲ, ಹಾಗೆ. ಇವರೆಲ್ಲ ಒಳಗೆ ಇದ್ರು. ನಮ್ಮ ವಕೀಲೆಯ ಕೆಂಪು ಲಂಗ ಕಾಣ್ತಿತ್ತು ತುಂಬ ಹೊತ್ತು. ಮೇಲಿದ್ದ ಜನರನ್ನೆಲ್ಲ ಇಳಿಸ್ಬೇಕಲ್ಲ, ಇವರು ಬರೋವರೆಗೂ ಆರು ಸಲ ಹೋಗಿ ಬಂತು. ಪ್ರತಿ ಸಲ ಮೇಲೆ ಹೋಗೋವಾಗ ಒಂದೇ ಕಡೆ ಚೂರು ತಡೀತಿತ್ತು. ಏನೋ ಮರೆತವರ ಹಾಗೆ. ಮತ್ತೆ ಹೋಗ್ತಿತ್ತು.”

ಹೊಸ್ತಿಲಲ್ಲಿ ತಿರುಪುಳಿಯ ಸದ್ದು ನಿಂತಿತು. “ತಡೀತಿತ್ತಾ? ಎಷ್ಟನೇ ಅಂತಸ್ತಲ್ಲಿ?”

ಅವಳು ಅವನ ಕಡೆ ತಿರುಗಲಿಲ್ಲ. ತನ್ನ ಎರಡು ಮೂಲೆಗಳನ್ನು ತಂದು ಅತ್ತೆಯ ಕೈಗೆ ಕೊಟ್ಟಳು.

“ಹದಿನೇಳನೇದು,” ಎಂದಳು. “ಎಣಿಸೋಕೆ ನಂಗೆ ಬೇಕಾದಷ್ಟು ಹೊತ್ತಿತ್ತಲ್ಲ.”